ಗಂಡನಿಗೆ ಅಧೀನಳಾಗಿರುವುದು: ದಿನನಿತ್ಯದಲ್ಲಿ ಹೇಗೆ?

ಪ್ರಶ್ನೆ
ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಬೇಕು ಅನ್ನುವ ಬೈಬಲ್ ವಚನ, ಎಫೆಸ 5:22, ಬಾಯಿಪಾಠ ಇದೆ. ಚರ್ಚಿನ ಪ್ರಸಂಗಗಳಲ್ಲಿ ಮನೆ, ಕೆಲಸ ಬದಲಿಸುವಂಥ ದೊಡ್ಡ ನಿರ್ಧಾರಗಳ ಉದಾಹರಣೆಯೇ ಬರುತ್ತೆ. ಅಂಥದ್ದು ವರ್ಷಕ್ಕೊಂದು ಬಂದರೆ ಹೆಚ್ಚು. ಉಳಿದ ದಿನಗಳಲ್ಲಿ? ಮಗು ಮಲಗುವ ಹೊತ್ತು, ಕಾರಿನಲ್ಲಿ ದಾರಿ, ತಿಂಗಳ ಖರ್ಚು... ಅವರದು ತಪ್ಪು ಅನಿಸಿದರೂ ಬಾಯಿ ಮುಚ್ಚಿಕೊಂಡಿರಬೇಕಾ?

ಉತ್ತರ 1
ಬೇಡ. ಬಾಯಿ ಮುಚ್ಚಿಕೊಂಡು ಪಾತ್ರೆ ಕುಕ್ಕಿದರೆ ಅದೂ ಮಾತೇ!

ಹೇಳುವುದನ್ನು ನಿರ್ಧಾರಕ್ಕೆ ಮೊದಲು ಹೇಳಿ, ಪೂರ್ತಿ ಹೇಳಿ. ಖರ್ಚಿನ ವಿಷಯವಾದರೆ ಲೆಕ್ಕ ಬರೆದುಕೊಂಡು, ಇಬ್ಬರದೂ ಊಟವಾಗಿ ಮಕ್ಕಳು ಮಲಗಿದ ಮೇಲೆ ಕೂತು ಮಾತಾಡಿ: "ಬರೋದು ಇಷ್ಟು, ಹೋಗೋದು ಇಷ್ಟು. ಈ ಕಂತೂ ಸೇರಿದರೆ ಮೂರನೇ ತಿಂಗಳಿಗೆ ಉಳಿತಾಯಕ್ಕೆ ಕೈ ಹಾಕಬೇಕಾಗುತ್ತೆ. ನನಗೆ ಬೇಡ ಅನಿಸುತ್ತೆ." ಇದೇ ಮಾತನ್ನು ಅವರು ಚಪ್ಪಲಿ ಹಾಕಿಕೊಳ್ಳುವಾಗ ನಾಲ್ಕು ಕಂತಿನಲ್ಲಿ ಎಸೆದರೆ ಕಿರಿಕಿರಿ ಅಷ್ಟೇ.

ಕೆಡೋದು ಆಮೇಲೆ. ಒಪ್ಪಿದ ಹಾಗೆ ಮಾಡಿ ಅರೆಮನಸ್ಸಿನಿಂದ ನಡೆದುಕೊಳ್ಳೋದು, ಎಡವಿದಾಗ "ಆಗಲೇ ಬಡ್ಕೊಂಡೆ" ಅನ್ನೋದು. ಹಾಗೆಯೇ ಅಪ್ಪ ಬೇಡ ಅಂದಿದ್ದನ್ನು ಮಗುವಿಗೆ ಗುಟ್ಟಾಗಿ ಕೊಡೋದು. ಆಕ್ಷೇಪ ಇದ್ದರೆ ಮಗು ಮಲಗಿದ ಮೇಲೆ ಅವರಿಗೇ ಹೇಳಿ.

ಉತ್ತರ 2
ನನ್ನ ಪ್ರಕಾರ ಇದರ ಪರೀಕ್ಷೆ ನಡೆಯೋದು ಮಗುವಿನ ಅಂಗಿಯಲ್ಲಿ. ಅಪ್ಪ ಗುಂಡಿ ಒಂದು ಕಾಜಾ ತಪ್ಪಿಸಿ ಹಾಕಿರ್ತಾರೆ, ಒಂದು ಅಂಚು ಮೇಲೆ, ಒಂದು ಕೆಳಗೆ. ಅವರ ಕಣ್ಣೆದುರೇ ಬಿಚ್ಚಿ ಸರಿ ಮಾಡಿದರೆ "ನಿಮ್ಮ ಕೈಲಿ ಆಗಲ್ಲ" ಅಂದ ಹಾಗೆ. ಬಿಟ್ಟುಬಿಡಿ, ಮಗುವಿಗೇನೂ ಆಗಲ್ಲ. ಹೀಗೆ ಹತ್ತು ಸಲ ತಿದ್ದಿಸಿಕೊಂಡವರು ಹನ್ನೊಂದನೇ ಸಲ ಆ ಕೆಲಸಕ್ಕೇ ಕೈ ಹಾಕಲ್ಲ. ಆಮೇಲೆ "ಮನೆ ಜವಾಬ್ದಾರಿ ತಗೊಳ್ಳಲ್ಲ" ಅಂತ ದೂರೋದು ನಾವೇ.

ಕಾರಿನಲ್ಲಿ "ಮುಂದಿನ ಎಡಕ್ಕೆ ತಿರುಗಿದರೂ ಸಿಗುತ್ತೆ" ಅಂದರೆ ಸಾಕು.

ಉತ್ತರ 3
ವಾಕ್ಯವನ್ನು 21ರಿಂದ ಓದಿ. ಅತಿ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ 22ನೇ ವಚನಕ್ಕೆ ಕ್ರಿಯಾಪದವೇ ಇಲ್ಲ. "ಒಬ್ಬರಿಗೊಬ್ಬರು ಅಧೀನರಾಗಿರಿ" ಅನ್ನುವ 21ರಿಂದಲೇ ಅರ್ಥ ಹರಿದು ಬರುತ್ತೆ. 6:1ರಲ್ಲಿ ಮಕ್ಕಳಿಗೆ ಹೇಳಿದ "ವಿಧೇಯರಾಗಿರಿ" ಬೇರೆ ಪದ. ಹೆಂಡತಿಗೆ 3 ವಚನ. 25ರಿಂದ ಮುಂದೆ ಬಹುಪಾಲು ಗಂಡನಿಗೆ, ಅದೂ ಪ್ರಾಣ ಕೊಡುವ ಮಟ್ಟದ ಪ್ರೀತಿಯ ಬಗ್ಗೆ. ಆ ಭಾಗವನ್ನು ಅವರು ಓದಲಿ. ಅವರ ಪಾಠವನ್ನು ನೀವು, ನಿಮ್ಮ ಪಾಠವನ್ನು ಅವರು ಒಪ್ಪಿಸೋಕೆ ಶುರುಮಾಡಿದರೆ ಜಗಳ ಗ್ಯಾರಂಟಿ.

ಪ್ರಶ್ನೆ ಕೇಳಿದವರು
ಸಾಲದ ಅರ್ಜಿಯಲ್ಲಿ ಆದಾಯ ಹೆಚ್ಚು ತೋರಿಸಿ "ಸಹಿ ಹಾಕು" ಅಂದರೆ?

ಉತ್ತರ 3
ಹಾಕಬೇಡಿ. ಬೈಬಲಿನ ಅಪೊಸ್ತಲರ ಕೃತ್ಯಗಳು 5ರಲ್ಲಿ ಸಪ್ಫೈರ ಮತ್ತು ಅವಳ ಗಂಡ ಜಮೀನು ಮಾರಿದ ಹಣದ ಬಗ್ಗೆ ಸುಳ್ಳು ಹೇಳ್ತಾರೆ. ಅವಳನ್ನು ಯೇಸುವಿನ ಶಿಷ್ಯ ಪೇತ್ರ ಬೇರೆಯಾಗಿಯೇ ಕೇಳಿದ. ಗಂಡ ಹೇಳಿದ ಸುಳ್ಳನ್ನೇ ಅವಳೂ ಹೇಳಿದಳು. ಗಂಡನ ಮಾತು ಅನ್ನೋದು ಅವಳನ್ನು ಸಾವಿನಿಂದ ಉಳಿಸಲಿಲ್ಲ. "ನಿಜವಾದ ಅಂಕಿ ಹಾಕೋಣ, ಎಷ್ಟು ಸಾಲ ಸಿಗುತ್ತೋ ಸಿಗಲಿ" ಅನ್ನಿ, ದನಿ ಏರಿಸದೆ.

ಹೊಡೆತದ ವಿಷಯವೂ ಅಷ್ಟೇ. ಅಲ್ಲಿ ಅಧೀನತೆಯ ಮಾತೇ ಬರಲ್ಲ. ಮೊದಲು ಮಕ್ಕಳ ಜೊತೆ ಆ ಮನೆಯಿಂದ ಹೊರಗೆ ಬನ್ನಿ, ಪೊಲೀಸರಿಗೆ ತಿಳಿಸಿ. ಚರ್ಚಿನ ಸಭಾಪಾಲಕರ (ಪಾಸ್ಟರ್) ಜೊತೆ ಮಾತುಕತೆ ಆಮೇಲೆ.