ತಾಮ್ರದ ತಗಡಿನ ಶಿಲ್ಪ: ಬಿರುಕು ಬಿಡುತ್ತಿದೆ, ಬಣ್ಣ ಉದುರುತ್ತಿದೆ

ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ತಗಡನ್ನು ಬಡಿದು, ಮಡಚಿ, ಇಂಥದ್ದೇ ಎಂದು ಹೇಳಲಾಗದ ಆಕೃತಿಗಳನ್ನು ಮಾಡುತ್ತಿದ್ದೇನೆ. ಎರಡು ಕಾಟ. ಮಡಿಕೆ ಬಿದ್ದ ಕಡೆಯೆಲ್ಲ ಬಿರುಕು. ವಿನೆಗರ್, ಉಪ್ಪು ಸುರಿದು ಹಸಿರು ಬರಿಸಿದರೆ ವಾರದೊಳಗೆ ಪುಡಿಯಾಗಿ ಉದುರುತ್ತದೆ. ಮಾಡಿ ನೋಡಿದವರು ಹೇಳಿ.

*

ಬಿರುಕು ತಗಡಿನ ತಪ್ಪಲ್ಲ. ತಾಮ್ರ ಬಡಿದಷ್ಟೂ ಗಡುಸಾಗುತ್ತದೆ. ಸುತ್ತಿಗೆಯ ಸದ್ದಿಗೆ ಕಿವಿ ಕೊಡಿ. ಮೊದಲು ಮಂದವಾಗಿರುತ್ತದೆ, ಆಮೇಲೆ ಟಣ್ ಎನ್ನುತ್ತದೆ. ಟಣ್ ಎಂದರೆ ನಿಲ್ಲಿಸಿ, ಕಾಯಿಸಿ. ಬೆಳಕು ಕಮ್ಮಿ ಇರುವ ಕಡೆ ಮಂದ ಕೆಂಪು ಕಂಡರೆ ಸಾಕು. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ಗೆ ಎಂಬ ಧೈರ್ಯದಲ್ಲಿ ಗ್ಯಾಸ್ ಟಾರ್ಚಿನ ಬೆಂಕಿಯನ್ನು ಒಂದೇ ಕಡೆ ಹಿಡಿದು ನಾನು ತೂತು ಮಾಡಿಕೊಂಡಿದ್ದೇನೆ. ಜ್ವಾಲೆ ಓಡಾಡುತ್ತಿರಲಿ. ಕಾದ ತಗಡನ್ನು ನೀರಿಗೆ ಅದ್ದಬಹುದು. ಉಕ್ಕಿನ ಹಾಗೆ ಗಡುಸಾಗುವುದಿಲ್ಲ, ಮೆತ್ತಗೇ ಉಳಿಯುತ್ತದೆ.

ಇನ್ನೊಂದು ಮಾತು. ಮಡಚಿ ಚಪ್ಪಟೆ ಮಾಡಿದ್ದನ್ನು ಹಾಗೇ ಬಿಚ್ಚಬೇಡಿ. ಮತ್ತೆ ಕಾಯಿಸಿ ಬಿಚ್ಚಿ. ನನ್ನ ಒಂದು ಆಕೃತಿ ಹನ್ನೊಂದು ಸಲ ಬೆಂಕಿ ಕಂಡಿದೆ.

*

ಬಣ್ಣದ ವಿಷಯ ನಾನು ಹೇಳುತ್ತೇನೆ. ಸುರಿಯುವುದೇ ತಪ್ಪು. ದಪ್ಪಗೆ ಒಣಗಿದ ಕಿಲುಬು ಲೋಹವನ್ನು ಹಿಡಿದುಕೊಳ್ಳುವುದಿಲ್ಲ. ಮೊದಲು ಸೋಪು ಹಾಕಿ ಜಿಡ್ಡು ತೆಗೆಯಿರಿ, ಸ್ಯಾಂಡ್‌ಪೇಪರ್‌ನಿಂದ ತುಸು ತರಿ ಮಾಡಿ. ಬೆರಳಚ್ಚು ಬಿದ್ದರೂ ಆ ಜಾಗ ಬೇರೆ ಬಣ್ಣ ತಿರುಗುತ್ತದೆ. (ಅದೇ ಚೆನ್ನಾಗಿ ಕಂಡು ಒಮ್ಮೆ ಬೇಕೆಂದೇ ಹಾಗೇ ಬಿಟ್ಟೆ.)

ನಾನು ಹೊಗೆಯಾಡಿಸುತ್ತೇನೆ. ತಗಡಿನ ಮೇಲೆ ಉಪ್ಪುನೀರನ್ನು ಮಂಜಿನ ಹಾಗೆ ಸಿಂಪಡಿಸಿ, ಮುಚ್ಚಳವಿರುವ ಡಬ್ಬದಲ್ಲಿ ಅಮೋನಿಯಾ ಬಟ್ಟಲಿನ ಮೇಲೆ ತಾಗದಂತೆ ತೂಗುಹಾಕುತ್ತೇನೆ. ಕೆಲವು ಗಂಟೆಗಳಲ್ಲಿ ನೀಲಿ ಏಳುತ್ತದೆ. ಆಮೇಲೆ ಕೆಲವು ದಿನ ಗಾಳಿಗೆ ಬಿಡಿ. ಮುಟ್ಟಿ ನೋಡೋಣ ಅನ್ನಿಸುತ್ತದೆ, ಆದರೆ ಮುಟ್ಟಬೇಡಿ. ಸಾಲದಿದ್ದರೆ ಇನ್ನೊಂದು ತೆಳು ಸುತ್ತು. ಕೊನೆಗೆ ಮೇಣ. ಮೇಣ ಹಚ್ಚಿದರೆ ಬಣ್ಣ ಗಾಢವಾಗುತ್ತದೆ, ಚೂರು ತಗಡಿನಲ್ಲಿ ಮೊದಲು ನೋಡಿ.

ಇದನ್ನೆಲ್ಲ ಬಯಲಲ್ಲೇ ಮಾಡಿ. ಅಮೋನಿಯಾವಾಗಲಿ ವಿನೆಗರ್ ಆಗಲಿ, ಬ್ಲೀಚ್ ಜೊತೆ ಸೇರಿದರೆ ವಿಷದ ಗಾಳಿ ಏಳುತ್ತದೆ. ಹಸಿರು ಪುಡಿಯೂ ವಿಷವೇ, ಕೈಗವಸು, ಮಾಸ್ಕ್ ಇಲ್ಲದೆ ಉಜ್ಜಬೇಡಿ.

*

ಆಸಿಡ್, ಅಮೋನಿಯಾ ಬೇಡ ಅನ್ನಿಸಿದರೆ, ತಾಮ್ರದ ಬದಲು ಉಕ್ಕು ಹಿಡಿದರೆ ಬರೀ ಬೆಂಕಿಯಲ್ಲೇ ಬಣ್ಣ ಬರಿಸಬಹುದು. ಉಜ್ಜಿ ಹೊಳಪು ಮಾಡಿದ ಉಕ್ಕಿನ ತಗಡು 220 ಡಿಗ್ರಿ ಆಸುಪಾಸಿನಲ್ಲಿ ಒಣಹುಲ್ಲಿನ ಹಳದಿ, 300ರ ಹತ್ತಿರ ನೀಲಿ. ಬೇಕಾದ ಬಣ್ಣಕ್ಕೆ ಸ್ವಲ್ಪ ಮೊದಲೇ ಜ್ವಾಲೆ ಸರಿಸಿ, ಉಳಿದ ಕಾವೇ ಅಲ್ಲಿಗೆ ಒಯ್ಯುತ್ತದೆ. ಸತು ಲೇಪದ ತಗಡನ್ನು ಮಾತ್ರ ಕಾಯಿಸಬೇಡಿ. ನಾನು ಸುಮ್ನೆ ಒಂದು ಚೂರು ಕಾಯಿಸಿ, ಆ ಹೊಗೆಗೆ ರಾತ್ರಿಯೆಲ್ಲ ಚಳಿಜ್ವರದಲ್ಲಿ ನಡುಗಿದ್ದೇನೆ.

*

ಯಾರೂ ಕೇಳಲಿಲ್ಲ, ಒಳಗಿನ ಆಸರೆ ಯಾವುದರದ್ದು? 1886ರಲ್ಲಿ ನಿಂತ ಲಿಬರ್ಟಿ ಪ್ರತಿಮೆಯೂ ಬಡಿದ ತಾಮ್ರದ ತಗಡೇ, ದಪ್ಪ ಸುಮಾರು 2.4 ಮಿಲಿಮೀಟರ್. ಹೊರಗಿನ ಹಸಿರು ಅದನ್ನು ಕಾಪಾಡಿತು. ಒಳಗೆ ತಾಮ್ರಕ್ಕೆ ತಾಗಿಕೊಂಡಿದ್ದ ಕಬ್ಬಿಣದ ಪಟ್ಟಿಗಳು ತುಕ್ಕು ಹಿಡಿದು ಉಬ್ಬಿ ರಿವೆಟ್ಟುಗಳನ್ನೇ ಕಿತ್ತವು. 1986ರ ಹೊತ್ತಿಗೆ ಅವನ್ನು ತೆಗೆದು ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಕಾಯಿತು. ತೇವವಿದ್ದ ಕಡೆ ತಾಮ್ರಕ್ಕೆ ಕಬ್ಬಿಣ ತಾಗಿದರೆ ಕಬ್ಬಿಣ ಬೇಗ ಸವೆಯುತ್ತದೆ. ನಡುವೆ ರಬ್ಬರ್ ಇಡಿ, ಇಲ್ಲವೇ ತಾಮ್ರದ ಸರಳನ್ನೇ ಬಳಸಿ.

*

ಪ್ರಶ್ನೆ ಕೇಳಿದವನು ನಾನೇ. ಮೂರೂ ಆಕೃತಿಗಳನ್ನು ಕಬ್ಬಿಣದ ಸರಳಿಗೇ ರಿವೆಟ್ ಹೊಡೆದು ಕೂರಿಸಿದ್ದೇನೆ. ಇವತ್ತು ಸಂಜೆ ಬಿಚ್ಚುತ್ತೇನೆ.