ತಮ್ಮನಿಗೆ ನೋವಿನ ಮಾತ್ರೆ ಚಟ, ಬಿಡಿಸುವುದು ಹೇಗೆ?

ಪೀಣ್ಯದ ಅಕ್ಕ:
ತಮ್ಮ ಡೆಲಿವರಿ ಕೆಲಸದಲ್ಲಿದ್ದಾನೆ. ಕಳೆದ ವರ್ಷ ಸುಮನಹಳ್ಳಿ ಹತ್ತಿರ ಗಾಡಿಯಿಂದ ಬಿದ್ದ, ಕಾಲಿಗೆ ರಾಡ್ ಹಾಕಿಸಿದೆವು. ಡಾಕ್ಟರ್ ಟ್ರಮಡಾಲ್ ಬರೆದಿದ್ದರು. ಕಾಲು ವಾಸಿಯಾಯಿತು, ಮಾತ್ರೆ ನಿಲ್ಲಲಿಲ್ಲ. ಈಗ ಯಾರೋ ಹುಡುಗರಿಂದ ಟ್ಯಾಪೆಂಟಡಾಲ್ ತರುತ್ತಾನೆ. ಸಿಗದ ದಿನ ಮೂಗು ಸೋರುತ್ತೆ, ಮೈ ನಡುಗುತ್ತೆ, ಭೇದಿ. ಅಮ್ಮ ಶೀತ ಅಂತ ಕಷಾಯ ಕುಡಿಸುತ್ತಾರೆ. ಅಪ್ಪ ಹದಿನೈದು ದಿನ ರೂಮಿಗೆ ಬೀಗ ಹಾಕೋಣ ಅಂತಾರೆ. ಹಾಗೆ ಮಾಡಬಹುದಾ? ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತಾ?

ವಿಜಯನಗರ ಮೆಡಿಕಲ್ ಅಂಗಡಿಯವನು:
ಬೀಗ ಬೇಡಮ್ಮ. ಟ್ರಮಡಾಲ್ 2018ರಲ್ಲಿ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತು ತಡೆಯುವ ಕಾಯ್ದೆಯೊಳಗೆ ಬಂತು, ಸಿಗುವುದು ಕಷ್ಟವಾಯಿತು. ಆಮೇಲೆ ನಮ್ಮಲ್ಲಿಗೆ ಟ್ಯಾಪೆಂಟಡಾಲ್ ಕೇಳಿಕೊಂಡು ಬರುವವರು ಜಾಸ್ತಿಯಾದರು. ಚೀಟಿ ಇರಲ್ಲ, ಬಾಯಲ್ಲಿ ಹೆಸರೂ ಹೇಳಲ್ಲ, ಮೊಬೈಲ್‌ನಲ್ಲಿ ಖಾಲಿ ಸ್ಟ್ರಿಪ್ಪಿನ ಫೋಟೋ ತೋರಿಸುತ್ತಾರೆ. ಎರಡೂ ಅಫೀಮಿನ ಹಾಗೇ ಕೆಲಸ ಮಾಡುವ ಮಾತ್ರೆಗಳು.

ಅವನಿಗೆ ಆಗುತ್ತಿರುವುದು ಶೀತ ಇರಲಿಕ್ಕಿಲ್ಲ, ಮೈ ಮಾತ್ರೆ ಕೇಳುತ್ತಿದೆ. ಎರಡು ಮೂರು ದಿನ ಜೋರು, ಒಂದು ವಾರದಲ್ಲಿ ಇಳಿಯುತ್ತೆ. ದೊಡ್ಡ ಅಪಾಯ ಬೀಗ ತೆಗೆದ ಮೇಲೆ. ಹದಿನೈದು ದಿನ ಬಿಟ್ಟವನ ಮೈ ಹಳೇ ಡೋಸ್ ತಡೆಯಲ್ಲ. ಹೊರಗೆ ಬಂದು ಮೊದಲಿನಷ್ಟೇ ನುಂಗಿ, ಮೇಲೊಂದು ಕ್ವಾರ್ಟರ್ ಹಾಕಿದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು.

ತೋಳನ್ನೂ ಗಮನಿಸಿ. ಮಾತ್ರೆ ಪುಡಿ ಮಾಡಿ ಚುಚ್ಚಿಕೊಳ್ಳುವವರಿದ್ದಾರೆ. ಅದು ನುಂಗಲು ಮಾಡಿದ್ದು, ರಕ್ತನಾಳ ಕಟ್ಟುತ್ತೆ, ಕೀವಾಗುತ್ತೆ. ಸಿರಿಂಜ್ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಸಿ ಬೇರೆ.

ಬಿಟ್ಟವನು:
ನನಗೂ ಇದೇ ಚಟ ಇತ್ತು, ಬಿಟ್ಟಿದ್ದು ನಿಮ್ಹಾನ್ಸ್‌ನಲ್ಲಿ, ಹೊಸೂರು ರಸ್ತೆ. ವ್ಯಸನ ಚಿಕಿತ್ಸೆಗೇ ಅಲ್ಲಿ ಬೇರೆ ಕೇಂದ್ರ ಇದೆ. ನಾಲಿಗೆ ಕೆಳಗೆ ಇಡುವ ಬುಪ್ರೆನಾರ್ಫಿನ್ ಮಾತ್ರೆ ಕೊಟ್ಟರು, ಅದೂ ಅದೇ ಜಾತಿಯದು, ಒದ್ದಾಟ ಕಡಿಮೆಯಾಯಿತು. "ಒಂದು ಬಿಟ್ಟು ಇನ್ನೊಂದು ಹಿಡಿದ" ಅಂತ ನೆಂಟರು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ, ನಾನು ಕೆಲಸಕ್ಕೆ ಹೋಗುತ್ತಿದ್ದೇನೆ.

ಕೇಸಿನ ಭಯ ಬೇಡ. ಬಳಸುವವನು ತಾನಾಗಿ ಚಿಕಿತ್ಸೆಗೆ ಬಂದರೆ ಎನ್‌ಡಿಪಿಎಸ್ 64ಎ ಸೆಕ್ಷನ್ ರಕ್ಷಣೆ ಕೊಡುತ್ತೆ. ಮಾರುವವರಿಗೆ ಅದು ಇಲ್ಲ.

ಪೀಣ್ಯದ ಅಕ್ಕ:
ಅವನು ಬರಲ್ಲ ಅಂದ್ರೆ?

ಬಿಟ್ಟವನು:
ಮೊದಲು ನೀವೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಾತ್ರೆ ಸಿಗದ ದಿನ ಅವನ ಹತ್ತಿರ ಮಾತಾಡಿ. ನಾನು ಒಪ್ಪಿದ್ದೂ ಅಂಥ ದಿನವೇ.

ವಿಜಯನಗರ ಮೆಡಿಕಲ್ ಅಂಗಡಿಯವನು:
ಇನ್ನೊಂದು. ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ ತುಟಿ ನೀಲಿಯಾದರೆ ಮಜ್ಜಿಗೆ ಕುಡಿಸುತ್ತಾ ಕೂರಬೇಡಿ. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ, ಏನು ನುಂಗಿದ ಅಂತ ಮುಚ್ಚಿಡದೆ ಹೇಳಿ. ಅದಕ್ಕೆ ನಾಲೊಕ್ಸೋನ್ ಅನ್ನುವ ಇಂಜೆಕ್ಷನ್ ಇದೆ.