ನೀಲಿ ಹರಳು ಡೆಸಿಕೇಟರ್‌ನಲ್ಲೇ ಬಿಳಿಚಿಕೊಳ್ಳುತ್ತಿದೆ, ಏಕೆ?

ವಿದ್ಯಾರ್ಥಿನಿ, ಕಾರವಾರ:
ಬಿ.ಎಸ್ಸಿ. ಪ್ರಾಜೆಕ್ಟಿಗೆ ಟೆಟ್ರಾಅಮೀನ್ ಕಾಪರ್ ಸಲ್ಫೇಟ್ (ತಾಮ್ರಕ್ಕೆ ನಾಲ್ಕು ಅಮೋನಿಯಾ ಅಣು ಕಟ್ಟಿಕೊಂಡ ಕಡುನೀಲಿ ಲವಣ) ತಯಾರಿಸುತ್ತಿದ್ದೇನೆ. 5 ಗ್ರಾಂ ಮೈಲುತುತ್ತವನ್ನು (ಕಾಪರ್ ಸಲ್ಫೇಟ್) ನೀರಿನಲ್ಲಿ ಕರಗಿಸಿ ಸಾಂದ್ರ ಅಮೋನಿಯಾ ಹಾಕಿದೆ. ಮೊದಲು ತಿಳಿನೀಲಿ ಪ್ರಕ್ಷೇಪ ಬಂತು. ಇನ್ನಷ್ಟು ಹಾಕಿದಾಗ ಅದು ಕರಗಿ ಶಾಯಿಯಂಥ ಕಡುನೀಲಿಯಾಯಿತು. ಆಲ್ಕೋಹಾಲ್ ನಿಧಾನವಾಗಿ ಸುರಿದು ಹರಳು ಪಡೆದೆ. ಶೋಧಕ ಕಾಗದದಲ್ಲಿ ಒತ್ತಿ ತೂಗಿದರೆ 4.2 ಗ್ರಾಂ. ತಳದಲ್ಲಿ ತೇವ ಹೀರುವ ವಸ್ತು ಇಟ್ಟ ಮುಚ್ಚಿದ ಪಾತ್ರೆಯಾದ ಡೆಸಿಕೇಟರ್‌ನಲ್ಲಿಟ್ಟು ಎರಡು ದಿನ ಬಿಟ್ಟು ನೋಡಿದರೆ ಅಂಚೆಲ್ಲ ಹಸಿರು ಬೆರೆತ ತಿಳಿನೀಲಿ ಪುಡಿ! ತೂಕ 3.8. ಎರಡನೆಯ ಸಲವೂ ಇದೇ ಕಥೆ. ಮುಂದಿನ ವಾರ ತೋರಿಸಬೇಕು.

ಕುಮಟಾದಿಂದ:
ಆಷಾಢದಲ್ಲಿ ಕರಾವಳಿಯಲ್ಲಿ ಹಪ್ಪಳವೇ ಒಣಗುವುದಿಲ್ಲ, ನಿಮ್ಮ ಹರಳು ಒಣಗುತ್ತದೆಯೇ? ತೇವ ಹೀರಿರಬೇಕು. ಓವನ್‌ನಲ್ಲಿ 110 ಡಿಗ್ರಿಗೆ ಇಡಿ.

ಉಪನ್ಯಾಸಕ, ಶಿರಸಿ:
ಓವನ್ನಿಗೆ ಮಾತ್ರ ಇಡಬೇಡಿ, ಉಳಿದ ಅಮೋನಿಯಾವೂ ಹೋದೀತು. ತೇವ ಹೀರಿದ್ದರೆ ತೂಕ ಏರಬೇಕಿತ್ತು, ಇಳಿದಿದೆ. ಸ್ವಲ್ಪ ಆಲ್ಕೋಹಾಲ್ ಆರಿರಬಹುದು, ಆದರೆ ಅದಕ್ಕೆ ಬಣ್ಣ ಕೆಡುವುದಿಲ್ಲ. ಡೆಸಿಕೇಟರ್‌ನ ತಳದಲ್ಲಿ ಏನಿದೆ?

ವಿದ್ಯಾರ್ಥಿನಿ:
ಕ್ಯಾಲ್ಸಿಯಂ ಕ್ಲೋರೈಡ್, ಸರ್. ಹೊಸದಾಗಿ ತುಂಬಿದ್ದು.

ಉಪನ್ಯಾಸಕ:
ಕಳ್ಳ ಸಿಕ್ಕಿದ. ಅದು ನೀರನ್ನಷ್ಟೇ ಅಲ್ಲ, ಅಮೋನಿಯಾವನ್ನೂ ಹಿಡಿಯುತ್ತದೆ. ತನ್ನ ಒಂದು ಪಾಲಿಗೆ ಅಮೋನಿಯಾದ ಎಂಟು ಅಣುಗಳವರೆಗೆ ಕಟ್ಟಿಕೊಳ್ಳುತ್ತದೆ. ನಿಮ್ಮ ತಾಮ್ರದ ಸುತ್ತ ಇರುವುದೇ ನಾಲ್ಕು. ಹರಳು ಮೆಲ್ಲಗೆ ಬಿಟ್ಟ ಅಮೋನಿಯಾವನ್ನು ಕೆಳಗಿನದು ನುಂಗುತ್ತಲೇ ಇದ್ದರೆ ಹರಳು ಬಿಡುತ್ತಲೇ ಇರುತ್ತದೆ. ಸಾಂದ್ರ ಗಂಧಕಾಮ್ಲ ಇಟ್ಟರೂ ಇದೇ ಗತಿ.

ಸುಟ್ಟ ಸುಣ್ಣ ಹಾಕಿ. ಅದು ನೀರು ಹೀರುತ್ತದೆ, ಅಮೋನಿಯಾದ ತಂಟೆಗೆ ಹೋಗುವುದಿಲ್ಲ. ನಮ್ಮಲ್ಲಿ ಈಗ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಹೊಡೆಯುವ ಕಾಲ. ಮೈಲುತುತ್ತವೂ ಸುಣ್ಣವೂ ಒಂದೇ ಮೂಲೆಯಲ್ಲಿ ಬಿದ್ದಿರುತ್ತವೆ. ಅರಳಿಸದ ಗಟ್ಟಿಯೇ ಬೇಕು. ಕವಳದ ಸುಣ್ಣ ಆಗಲೇ ನೀರು ಕುಡಿದದ್ದು, ಪ್ರಯೋಜನವಿಲ್ಲ. ಬರಿಗೈಯಲ್ಲಿ ಮುಟ್ಟಬೇಡಿ, ಕಣ್ಣಿಗೆ ಕನ್ನಡಕವಿರಲಿ.

ಹರಳನ್ನು ಬರೀ ನೀರಿನಿಂದ ತೊಳೆಯಬೇಡಿ. ಮೊದಲು ಆಲ್ಕೋಹಾಲ್ ಮತ್ತು ಸಾಂದ್ರ ಅಮೋನಿಯಾ ಸಮಪಾಲು, ಕೊನೆಗೆ ಆಲ್ಕೋಹಾಲ್ ಮಾತ್ರ. ಕೆಟ್ಟ ಪುಡಿಯನ್ನು ಎಸೆಯುವ ಮೊದಲು ಚಿಟಿಕೆಯಷ್ಟಕ್ಕೆ ನಾಲ್ಕು ಹನಿ ಅಮೋನಿಯಾ ಬಿಟ್ಟು ನೋಡಿ.

ವಿದ್ಯಾರ್ಥಿನಿ, ನಾಲ್ಕು ದಿನದ ಬಳಿಕ:
ಪುಡಿ ಕ್ಷಣದಲ್ಲಿ ಮತ್ತೆ ಕಡುನೀಲಿಯಾಯಿತು! ಸುಣ್ಣದ ಮೇಲಿಟ್ಟ ಹೊಸ ಹರಳಿನ ಅಂಚು ಎರಡು ದಿನವಾದರೂ ಕೆಟ್ಟಿಲ್ಲ. ಆದರೆ ಬಾಟಲಿಯ ಬಾಯಿಗೆ ಒದ್ದೆ ಅರಿಶಿನದ ಕಾಗದ ಹಿಡಿದರೆ ಕುಂಕುಮದಂತೆ ಕೆಂಪಾಗುತ್ತದೆ. ಇನ್ನೂ ಅಮೋನಿಯಾ ಹೋಗುತ್ತಿದೆಯೇ?

ಉಪನ್ಯಾಸಕ:
ಹೋಗುತ್ತಲೇ ಇರುತ್ತದೆ. ಬಿರಡೆ ಬಿಗಿ ಮಾಡಿ, ತೆರೆತೆರೆದು ನೋಡಬೇಡಿ.